ಒಲೆ ಹೊಗೆ ಎಂದು ಹೇಳಿದ ಸಂಜೆ

ಊದುಗೊಳವೆ ಹಿಡಿದು ಒಲೆ ಊದುವುದು ನನ್ನಿಂದ ಆಗುವುದಿಲ್ಲ. ಮಗಳು ಬಲೂನು ತಂದುಕೊಟ್ಟರೆ ಅವಳಪ್ಪನ ಕಡೆ ಕೈ ತೋರಿಸುತ್ತೇನೆ. ಬಸ್ಸಿನ ಹಿಂದೆ ಓಡುವುದಿಲ್ಲ. ಹೋದರೆ ಹೋಗಲಿ, ಇನ್ನೊಂದು ಬರುತ್ತದೆ. ಬಾಯಿ ಮಾತ್ರ ಮೊದಲಿನಂತೆಯೇ ಇದೆ. "ನಮ್ ಸೊಸೆಗೆ ಎದೆ ಹೋದ್ರೂ ನಾಲಿಗೆ ಹೋಗ್ಲಿಲ್ಲ" ಎಂದು ನಮ್ಮತ್ತೆ ನೆಂಟರ ಮುಂದೆಯೇ ಹೇಳುತ್ತಾರೆ. ನಿಜವೇ. ಆದರೆ ಆ ನಾಲಿಗೆ ಒಂದು ಸಂಜೆ, ಆಡಲೇಬೇಕಾದ ಹೊತ್ತಿನಲ್ಲಿ, ಆಡಲಿಲ್ಲ. ನನ್ನ ಕಾಯಿಲೆಯ ಕಥೆ ಹೇಳುವುದಾದರೆ ಅದನ್ನೂ ಹೇಳಬೇಕಾಗುತ್ತದೆ.

ನನ್ನ ತವರು ಮುಳಬಾಗಿಲು ತಾಲ್ಲೂಕಿನ ತಾಯಲೂರು. ಮದುವೆಯಾಗಿ ಬಂದದ್ದು ಮಾಲೂರು ತಾಲ್ಲೂಕಿಗೆ, ಶಿವಾರಪಟ್ಟಣದ ಕಡೆಯ ಒಂದು ಸಣ್ಣ ಊರಿಗೆ. ರಾಗಿ, ಒಂದಿಷ್ಟು ತರಕಾರಿ, ಹಿಪ್ಪುನೇರಳೆ ತೋಟ, ಮನೆಯ ಹಿಂಭಾಗದಲ್ಲಿ ರೇಷ್ಮೆ ಹುಳು ಸಾಕುವ ಒಂದು ಉದ್ದನೆಯ ಕೋಣೆ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಮಾಲೂರಿನ ಹೊರಗೆ ಒಂದೊಂದೇ ಕಾರ್ಖಾನೆ ಏಳುತ್ತಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಬರೀ ಸೊಪ್ಪು ಕೊಯ್ದುಕೊಂಡು ಇರುವುದು ಏತಕ್ಕೆ ಎಂದು ಅಂಥ ಒಂದು ಕಾರ್ಖಾನೆಗೆ ಪ್ಯಾಕಿಂಗ್ ಕೆಲಸಕ್ಕೆ ಸೇರಿಕೊಂಡೆ.

ಹಿತ್ತಾಳೆ, ತಾಮ್ರದ ಸಣ್ಣ ಸಣ್ಣ ಬಿಡಿಭಾಗಗಳನ್ನು ಆಸಿಡ್ಡಿನಲ್ಲಿ ಅದ್ದಿ ತೊಳೆದು ಹೊಳಪು ಬರಿಸುವ ಕಾರ್ಖಾನೆ ಅದು. ಆಸಿಡ್ ದೊಡ್ಡ ಗಾಜಿನ ಜಾಡಿಗಳಲ್ಲಿ ಬರುತ್ತಿತ್ತು. ಅದ್ದುವುದು, ತೊಳೆಯುವುದು ಗಂಡಸರ ಕೆಲಸ. ಒಣಗಿದ ಸಾಮಾನನ್ನು ಮರದ ಪೆಟ್ಟಿಗೆಗಳಲ್ಲಿ ಭತ್ತದ ಹೊಟ್ಟಿನ ನಡುವೆ ಜೋಡಿಸಿ ಮೊಳೆ ಹೊಡೆಯುವುದು ನಮ್ಮದು. ನನ್ನ ಜೊತೆಗೆ ಕೂರುತ್ತಿದ್ದವಳು ರತ್ನ. ಶ್ರೀನಿವಾಸಪುರದ ಆಚೆ, ಆಂಧ್ರದ ಗಡಿಗೆ ಹತ್ತಿಕೊಂಡಿರುವ ಗೌನಿಪಲ್ಲಿಯ ಹುಡುಗಿ. ಇಪ್ಪತ್ತೋ ಇಪ್ಪತ್ತೊಂದೋ ಇರಬೇಕು. ತಾಯಿಯ ಜೊತೆ ಮಾಲೂರಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದಳು. ಮನೆಮಾತು ತೆಲುಗು. ಕನ್ನಡ ಆಡುವಾಗ ಪ್ರತಿ ಮಾತನ್ನೂ ಕೊನೆಯಲ್ಲಿ ಎಳೆಯುತ್ತಿದ್ದಳು. "ಅಕ್ಕಾ, ಈ ಪೆಟ್ಟಿಗೇಗೇ ನಿನ್ನ ಮೊಳೆ ಸಾಕಾಗಲ್ಲಾ" ಎಂದರೆ ಹಾಡಿದ ಹಾಗೆ ಇರುತ್ತಿತ್ತು. ನಾನು ರೇಗಿಸುತ್ತಿದ್ದೆ, ಅವಳು ಇನ್ನಷ್ಟು ಎಳೆಯುತ್ತಿದ್ದಳು.

ಬೆಂಕಿಯ ಬಗ್ಗೆ ನಮಗೆ ಯಾರೂ ಏನೂ ಹೇಳಿರಲಿಲ್ಲ ಎಂದರೆ ನೀವು ನಂಬಬೇಕು. ಬಾಗಿಲ ಪಕ್ಕದಲ್ಲಿ ಮೂರು ಕೆಂಪು ಬಕೆಟ್ಟು ನೇತು ಹಾಕಿದ್ದರು. ಒಂದರಲ್ಲಿ ಗಟ್ಟಿಯಾದ ಸಿಮೆಂಟು, ಇನ್ನೊಂದರಲ್ಲಿ ಬೀಡಿ ತುಂಡು, ಮೂರನೆಯದನ್ನು ಕಾಫಿ ಮಾಡುವವನು ನೀರು ಸೇದಲು ಒಯ್ದಿದ್ದ. ಗೋಡೆಯ ಮೇಲೆ ಬೆಂಕಿ ಆರಿಸುವ ಸಿಲಿಂಡರು ಒಂದಿತ್ತು. ಪ್ರತಿ ಆಯುಧಪೂಜೆಗೆ ಅದಕ್ಕೆ ನೀರು ಚಿಮುಕಿಸಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡು ಹೂವಿನ ಹಾರ ಹಾಕುತ್ತಿದ್ದೆವು. ನಾನೇ ಎರಡು ಸಲ ಆರತಿ ಎತ್ತಿದ್ದೇನೆ. ಅದರ ಬಾಯಿ ಎಲ್ಲಿ, ಬಾಲ ಎಲ್ಲಿ ಎಂದು ಒಬ್ಬರಿಗೂ ಗೊತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಕೆಲಸ ಶುರುವಾಗಿ ಅರ್ಧ ಗಂಟೆ ಆಗಿರಬಹುದು. ಇಬ್ಬರು ಗಂಡಸರು ಆಸಿಡ್ ಜಾಡಿ ಹೊತ್ತು ತರುತ್ತಿದ್ದರು. ನಮ್ಮ ಬಾಗಿಲ ಬಳಿ ಒಬ್ಬನ ಕೈ ಜಾರಿತು. ಜಾಡಿ ಒಡೆದು ಆಸಿಡ್ ನೆಲದ ಮೇಲೆ ಹರಿಯುತ್ತಾ ನಾವು ಕೂತಿದ್ದ ಕಡೆಗೇ ಬಂತು. ಗಂಡಸರಿಬ್ಬರೂ ಹೊರಗೆ ಹಾರಿದರು. ಸೂಪರ್‌ವೈಸರು ದೂರದಿಂದಲೇ ಕೂಗಿದ: "ಏಯ್, ನೋಡ್ಕೊಂಡು ಕೂತಿದೀರಲ್ರೇ! ಪೆಟ್ಟಿಗೆ ನೆನೀತವೆ, ಏನಾದ್ರೂ ಹಾಕಿ ಅದುಕ್ಕೆ!"

ನಮ್ಮ ಹುಳದ ಮನೆಯಲ್ಲಿ ತಟ್ಟೆ ಒದ್ದೆಯಾದರೆ ಏನು ಮಾಡುತ್ತೇವೆ? ಸುಣ್ಣದ ಪುಡಿ ಉದುರಿಸುತ್ತೇವೆ, ಇಲ್ಲವೆಂದರೆ ಹೊಟ್ಟು ಎರಚುತ್ತೇವೆ. ಒದ್ದೆ ಎಂದು ಕಂಡರೆ ಸಾಕು, ಕೈ ತಾನಾಗಿ ಹೋಗುತ್ತದೆ. ಸುಣ್ಣ ಅಲ್ಲಿರಲಿಲ್ಲ. ಹೊಟ್ಟಿನ ಮೂಟೆ ಪಕ್ಕದಲ್ಲೇ ಬಾಯಿ ತೆರೆದುಕೊಂಡಿತ್ತು. ನಾನು ಎರಡು ಮಂಕರಿ ಹೊಟ್ಟು ಎತ್ತಿ ಆಸಿಡ್ಡಿನ ಮೇಲೆ ಸುರಿದೆ. ರತ್ನ ಮೂರನೆಯದನ್ನು ತುಂಬಿಸಿ ಕೊಟ್ಟಳು. ಸುಣ್ಣ ಹಾಕಿದ್ದರೆ ಆಸಿಡ್ಡಿನ ಕಸುವು ಇಳಿಯುತ್ತಿತ್ತು, ಹೊಟ್ಟು ಹಾಕಿದರೆ ಹೊತ್ತಿಕೊಳ್ಳುತ್ತದೆ ಎಂದು ಆಮೇಲೆ ತಿಳಿಯಿತು. ಆಮೇಲೆ ತಿಳಿದು ಏನು ಪ್ರಯೋಜನ?

ಹೊಟ್ಟು ಮೊದಲು ಕಪ್ಪಾಯಿತು, ಸುಂಯ್ ಎಂದಿತು, ಆಮೇಲೆ ಹೊಗೆ ಎದ್ದಿತು. ಅಂಥ ಹೊಗೆಯನ್ನು ನಾನು ಕಂಡೇ ಇರಲಿಲ್ಲ. ಕೆಮ್ಮಣ್ಣಿನ ಬಣ್ಣ. ಮೇಲಕ್ಕೆ ಏಳದೆ ನೆಲದ ಮೇಲೆಯೇ ಮಂದವಾಗಿ ಹರಡಿತು. ಅದರೊಳಗಿನಿಂದ ಬೆಂಕಿ ಎದ್ದು ಹೊಟ್ಟಿನ ಮೂಟೆಗೂ ಹತ್ತಿಕೊಂಡಿತು. ಒಬ್ಬ ಸಿಲಿಂಡರನ್ನು ಹಾರದ ಸಮೇತ ಇಳಿಸಿ, ತೆರೆಯಲು ಬಾರದೆ ಗೋಡೆಗೆ ಕುಟ್ಟಿದ. ನಾನೂ ರತ್ನಳೂ ಓಡಬೇಕಾಗಿತ್ತು. ಓಡಲಿಲ್ಲ. ಮೊಳೆ ಹೊಡೆದಿಟ್ಟ ಪೆಟ್ಟಿಗೆಗಳು ಸುಟ್ಟುಹೋದರೆ ಬೈಯುತ್ತಾರೆ ಎಂದು ಆ ಹೊಗೆಯ ನಡುವೆ ನಿಂತು ಒಂದೊಂದಾಗಿ ಆಚೆ ಎಳೆದೆವು. ಕೊನೆಗೆ ಗಂಡಸರು ತೊಟ್ಟಿಯಿಂದ ಬಿಂದಿಗೆ ಬಿಂದಿಗೆ ನೀರು ತಂದು ಸುರಿದು ಆರಿಸಿದರು.

ಯಾರಿಗೂ ಒಂದು ಬೊಬ್ಬೆಯೂ ಎದ್ದಿರಲಿಲ್ಲ. ಕಣ್ಣು ಉರಿಯಿತು, ಗಂಟಲು ಕೆರೆಯಿತು, ಕೆಮ್ಮಿದೆವು. ಅರ್ಧ ಗಂಟೆಯಲ್ಲಿ ಅದೂ ನಿಂತಿತು. ರತ್ನ ನನ್ನ ಮುಖದ ಮಸಿ ನೋಡಿ ನಕ್ಕಳು. ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು: ಹೊಗೆ ಕುಡಿದವರಿಗೆ ಒಂದು ಅಚ್ಚು ಬೆಲ್ಲ, ಒಂದು ಬಾಳೆಹಣ್ಣು. ಬೆಲ್ಲ ತಿಂದರೆ ಎದೆಯ ಹೊಗೆಯೆಲ್ಲಾ ಇಳಿದುಹೋಗುತ್ತದೆ ಎಂದು ಎಲ್ಲರೂ ನಂಬಿದ್ದೆವು. ತಿಂದೆವು.

ಆಮೇಲೆ ಸೂಪರ್‌ವೈಸರು ನಮ್ಮಿಬ್ಬರನ್ನೇ ಪಕ್ಕಕ್ಕೆ ಕರೆದ. ದನಿ ತಗ್ಗಿಸಿದ್ದ.

"ಹೊಟ್ಟು ಎರಚಿದ್ದು ಯಾರು?"

"ನಾನೇ" ಎಂದೆ.

"ನೀನು ಎರಚಿದ್ದಕ್ಕೇ ಬೆಂಕಿ ಬಿದ್ದಿದ್ದು. ಪೊಲೀಸ್ ಕೇಸಾದ್ರೆ ಹೆಸರು ನಿಂದೇ ಬರೋದು, ತಿಳ್ಕೋ. ಯಾರಾದ್ರೂ ಕೇಳಿದ್ರೆ ಒಲೆ ಹೊಗೆ ಅನ್ನಿ. ರತ್ನಾ, ನೀನು ನಿಮ್ಮಮ್ಮನ್ನ ಕರ್ಕೊಂಡು ಊರಿಗೆ ಹೋಗಿ ನಾಲ್ಕು ದಿನ ಇದ್ದು ಬಾ. ಸರೋಜಾ, ನೀನೂ ತವರಿಗೆ ಹೋಗು."

ನಾನು ತವರಿಗೆ ಹೋಗುವ ಹಾಗಿರಲಿಲ್ಲ. ಮನೆಯಲ್ಲಿ ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಅವುಗಳ ಹಸಿವಿಗೆ ಮಿತಿಯೇ ಇಲ್ಲ. ರತ್ನ ಮಧ್ಯಾಹ್ನದ ಬಸ್ಸಿಗೆ ಹೊರಟಳು. "ಅಕ್ಕಾ, ಮಾವಿನಕಾಯಿ ತರ್ತೀನೀ" ಎಂದಳು. ನಾನು ಮನೆಗೆ ಬಂದು ಯಾರಿಗೂ ಏನೂ ಹೇಳದೆ ತೋಟಕ್ಕೆ ಹೋಗಿ ಎರಡು ಹೊರೆ ಸೊಪ್ಪು ಕೊಯ್ದು ತಲೆಯ ಮೇಲೆ ಹೊತ್ತು ತಂದೆ. ಆ ಹೊಗೆ ಕುಡಿದವರು ಹಾಸಿಗೆ ಬಿಟ್ಟು ಏಳಬಾರದು ಎಂದು ಡಾಕ್ಟರು ಆಮೇಲೆ ಹೇಳಿದರು. ನಾನು ಹೊರೆ ಹೊತ್ತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಸಣ್ಣ ಕೆಮ್ಮು ಶುರುವಾಯಿತು. ಹುಳುಗಳಿಗೆ ಸೊಪ್ಪು ಹಾಕಲು ಬಗ್ಗಿದೆ. ನೆಟ್ಟಗಾದಾಗ ಉಸಿರು ಸಿಗಲಿಲ್ಲ. ಮೊದಲು ನನಗೆ ನಗು ಬಂತು, ಇದೇನಿದು ಎಂದು. ಮತ್ತೆ ಎಳೆದೆ. ಅರ್ಧ ಬಂತು. ಮತ್ತೆ ಎಳೆದೆ, ಕಾಲು ಬಂತು. ಎದೆಯೊಳಗೆ ನೀರು ಕುದಿಯುವ ಸದ್ದು ನನಗೇ ಕೇಳಿಸಿತು. ಆಗ ಭಯವಾಯಿತು. ಹೆರಿಗೆಯಲ್ಲಿ ನಾನು ಹೆದರಿದವಳಲ್ಲ, ಹಾವು ಕಂಡರೆ ಹೆದರುವವಳಲ್ಲ. ಈ ಭಯ ಬೇರೆಯೇ. ಇದಕ್ಕೆ ಕೂಗಲೂ ಉಸಿರು ಬೇಕು.

ಅತ್ತೆ ದೃಷ್ಟಿ ಎಂದರು. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. "ಘಾಟೇ ಬರ್ಲಿಲ್ಲ ನೋಡು, ಅಷ್ಟು ದೃಷ್ಟಿ ತಗುಲಿದೆ" ಎಂದು ಹೇಳಿ ಮುಗಿಸುವುದರೊಳಗೆ ಮನೆಯವರೆಲ್ಲ ಕೆಮ್ಮುತ್ತಾ ಬೀದಿಗೆ ಬಂದರು. ನನ್ನನ್ನೂ ಹೊತ್ತು ತಂದರು. ನನ್ನ ಬಾಯಲ್ಲಿ ನೊರೆ ಬಂತು. ಸೆರಗಿನಲ್ಲಿ ಒರೆಸಿಕೊಂಡು ನೋಡಿದರೆ ತೆಳು ಕೆಂಪು. ನಮ್ಮ ಮನೆಯವರು ಅದನ್ನು ನೋಡಿ ಓಡಿಹೋಗಿ, ಕೋಲಾರದ ಮಂಡಿಗೆ ತರಕಾರಿ ಒಯ್ಯುವ ಟೆಂಪೋ ನಿಲ್ಲಿಸಿದರು. ಎಲೆಕೋಸಿನ ಮೂಟೆಗಳಿಗೆ ಒರಗಿಸಿ ನನ್ನನ್ನು ಕೂರಿಸಿದರು. ಮಲಗಿಸಿದರೆ ಮುಳುಗಿದ ಹಾಗಾಗುತ್ತಿತ್ತು.

ಕೋಲಾರದ ಆಸ್ಪತ್ರೆಯ ಮೊಗಸಾಲೆಯಲ್ಲಿ ಒಂದು ಉದ್ದನೆಯ ಬೆಂಚು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡವನೊಬ್ಬ ಕಡಲೆಕಾಯಿ ಸುಲಿದು ಸಿಪ್ಪೆಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಒಂದು ಮಗು ಅಳುತ್ತಿತ್ತು. ಎಲ್ಲರೂ ಎಷ್ಟು ಸುಲಭವಾಗಿ ಉಸಿರಾಡುತ್ತಿದ್ದಾರೆ ಎಂದು ನಾನು ಹೊಟ್ಟೆಕಿಚ್ಚಿನಿಂದ ನೋಡಿದೆ. ಯಾರೋ ಮುಸ್ಲಿಂ ಹೆಂಗಸು, ಮುಳಬಾಗಿಲಿನವರಂತೆ, ನನ್ನನ್ನು ನೋಡಿ ಎದ್ದು ಜಾಗ ಬಿಟ್ಟರು. ಕೈಯಲ್ಲಿದ್ದ ಎಕ್ಸ್‌ರೇ ಕವರಿನಿಂದ ನನಗೆ ಗಾಳಿ ಬೀಸತೊಡಗಿದರು. "ಘಾಬರಿ ಪಡಬೇಡ ಬೇಟಿ, ಸಣ್ಣದಾಗಿ ತಗೋ, ಸಣ್ಣದಾಗಿ" ಎಂದರು. ನನ್ನ ಸರದಿ ಬರುವವರೆಗೂ ಅವರು ಕೈ ನಿಲ್ಲಿಸಲಿಲ್ಲ. ಅವರ ಹೆಸರು ಕೇಳಲು ನನಗೆ ಉಸಿರಿರಲಿಲ್ಲ.

ಡಾಕ್ಟರು ಕೇಳಿದರು: "ಯಾವಾಗಿಂದ? ಏನಾಯ್ತು?"

ನಮ್ಮ ಮನೆಯವರು ನನ್ನ ಮುಖ ನೋಡಿದರು. ಅವರಿಗೆ ಏನೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಪೊಲೀಸರು ಮನೆಗೆ ಬರುವುದು, ಊರಿನವರು ನಿಂತು ನೋಡುವುದು, ಎರಡು ವರ್ಷದ ಮಗಳನ್ನು ಬಿಟ್ಟು ನಾನು ಜೀಪು ಹತ್ತುವುದು, ಎಲ್ಲವೂ ಕಣ್ಣ ಮುಂದೆ ಬಂತು.

"ಒಲೆ ಹೊಗೆ ಸಾರ್" ಎಂದೆ.

"ಮೊದ್ಲಿಂದ ಉಬ್ಬಸ ಇತ್ತಾ?"

ಹೂಂ ಎಂದು ತಲೆ ಆಡಿಸಿದೆ. "ಇವ್ಳಿಗೆ ಉಬ್ಬಸ ಎಲ್ಲಿತ್ತು..." ಎಂದು ನಮ್ಮವರು ಬಾಯಿ ತೆರೆದರು. ನಾನು ಅವರ ಮುಂಗೈ ಅದುಮಿದೆ. ಡಾಕ್ಟರು ಉಬ್ಬಸದ ಇಂಜೆಕ್ಷನ್ ಬರೆದರು. ನಾನು ಹೇಳಿದ್ದಕ್ಕೆ ಅವರು ಔಷಧಿ ಕೊಟ್ಟರು, ಅವರದೇನು ತಪ್ಪು?

ಬೆಳಕು ಹರಿಯುವ ಹೊತ್ತಿಗೆ ನನ್ನ ಉಗುರುಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದ್ದರು. ಅದೇ ಡಾಕ್ಟರು ಮತ್ತೆ ಬಂದು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತರು. ವಯಸ್ಸಾದವರು. ಕಣ್ಣು ಕೆಂಪಾಗಿದ್ದವು.

"ನೋಡಮ್ಮ, ಒಲೆ ಹೊಗೆಗೆ ಎದೆ ಹಿಂಗಾಗಲ್ಲ. ಏನೋ ಮುಚ್ಚಿಡ್ತಾ ಇದೀಯ. ನಾನು ಪೊಲೀಸ್ ಅಲ್ಲ. ನೀನು ಹೇಳ್ದೆ ಇದ್ರೆ ನಾನು ಕತ್ತಲಲ್ಲಿ ಕಲ್ಲು ಹೊಡೀತಾ ಇರ್ತೀನಿ ಅಷ್ಟೇ."

ಅವರ ಮಾತಿಗೆ ನಾನು ಕರಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಸಾಯುತ್ತಿದ್ದೇನೆ ಎಂದು ನನಗೆ ಖಾತ್ರಿಯಾಗಿತ್ತು. ಸಾವಿನ ಭಯ ಪೊಲೀಸಿನ ಭಯಕ್ಕಿಂತ ದೊಡ್ಡದಾಯಿತು, ಅಷ್ಟೇ. ಅದರಲ್ಲಿ ನನ್ನ ದೊಡ್ಡತನ ಏನೂ ಇಲ್ಲ.

"ಕೆಂಪು ಹೊಗೆ ಸಾರ್" ಎಂದೆ. "ಆಸಿಡ್... ಹೊಟ್ಟು ಹಾಕ್ದೆ."

ಅವರು ಎದ್ದು ನಿಂತರು. ನರ್ಸನ್ನು ಕೂಗಿ ಒಂದಾದ ಮೇಲೊಂದು ಹೆಸರು ಹೇಳಿದರು. ಬೇರೆ ಇಂಜೆಕ್ಷನ್ ಬಂತು, ಆಮ್ಲಜನಕ ಹೆಚ್ಚು ಮಾಡಿದರು, ದಿಂಬುಗಳನ್ನು ಬೆನ್ನಿಗೆ ಕೊಟ್ಟು ಕೂರಿಸಿದರು. ಬಾಗಿಲ ತನಕ ಹೋದವರು ಹಿಂದಿರುಗಿ ಬಂದರು.

"ಅಲ್ಲಿ ಬೇರೆ ಯಾರಿದ್ರು?"

"ರತ್ನ ಸಾರ್. ಅವ್ಳಿಗೆ ಏನೂ ಆಗಿಲ್ಲ. ಚೆನ್ನಾಗಿದ್ಲು."

"ನೀನೂ ಚೆನ್ನಾಗೇ ಇದ್ದೆ ತಾನೇ? ಈ ಹೊಗೆ ಅರ್ಧ ದಿನ ಸುಮ್ನಿದ್ದು ಆಮೇಲೆ ಹಿಡ್ಕೊಳ್ಳುತ್ತೆ. ಎಲ್ಲಿದಾಳೆ ಅವಳು?"

ಗೌನಿಪಲ್ಲಿ ಎಂದೆ. ನಮ್ಮ ಮನೆಯವರು ಮೂಲೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಡಾಕ್ಟರು ಒಂದು ಚೀಟಿ ಬರೆದು ಅವರ ಕೈಗೆ ಕೊಟ್ಟರು: "ಅವಳು ನಗ್ತಾ ಇದ್ರೂ ಸರಿ, ಎತ್ತಾಕೊಂಡು ಬನ್ನಿ. ಅಲ್ಲೇ ಯಾವುದಾದ್ರೂ ಆಸ್ಪತ್ರೆಗೆ ಸೇರಿಸಿದ್ರೆ ಈ ಚೀಟಿ ತೋರಿಸಿ."

ನಮ್ಮವರು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹೊರಟರು. ಮೊದಲು ಶ್ರೀನಿವಾಸಪುರದ ಬಸ್ಸು, ಅಲ್ಲಿಂದ ಗೌನಿಪಲ್ಲಿಗೆ ಇನ್ನೊಂದು. ನಾನು ಬಾಗಿಲು ನೋಡುತ್ತಾ ಕೂತೆ. ಆ ಹಗಲಿನಷ್ಟು ಉದ್ದದ ಹಗಲನ್ನು ನಾನು ಕಂಡಿಲ್ಲ. ಈಗ ಬಸ್ಸು ಹತ್ತಿರುತ್ತಾರೆ. ಈಗ ಇಳಿದಿರುತ್ತಾರೆ. ಹಿಂದಿನ ಸಂಜೆ ನಾನು ಬಾಯಿ ಬಿಟ್ಟಿದ್ದರೆ ಆಗಲೇ ಕಡೆಯ ಬಸ್ಸಿಗೆ ಹೋಗಬಹುದಿತ್ತು, ಅವಳು ಊಟ ಮಾಡುತ್ತಾ ಕೂತಿರುತ್ತಿದ್ದಳು. ಈ ಲೆಕ್ಕವನ್ನು ಎಷ್ಟು ಸಲ ಹಾಕಿದೆನೋ. ನನ್ನ ಎದೆಯಲ್ಲಿ ನೀರಿನ ಸದ್ದು ಸ್ವಲ್ಪ ಸ್ವಲ್ಪವೇ ಇಳಿಯುತ್ತಿತ್ತು. ಇಳಿದಷ್ಟೂ ನನಗೆ ಹೆದರಿಕೆ ಜಾಸ್ತಿಯಾಗುತ್ತಿತ್ತು. ನನಗೆ ಬರುತ್ತಿರುವ ಉಸಿರು ಅವಳಿಗೆ ಬರುತ್ತಿದೆಯೋ ಇಲ್ಲವೋ?

ಸಂಜೆ ನಮ್ಮವರು ಬಂದರು. ಟವೆಲ್ಲು ತಲೆಯ ಮೇಲೆ ಹಾಕಿಕೊಂಡಿದ್ದರು.

"ಸಿಕ್ಕಿದ್ಲಾ?"

"ಸಿಕ್ಕಿದ್ಲು. ಆಸ್ಪತ್ರೇಲಿದಾಳೆ. ಚೆನ್ನಾಗಿದಾಳೆ ಕಣೇ, ನೀನು ಮಲಕ್ಕೋ."

ನಾನು ನಂಬಿದೆ. ನಂಬಲು ಅಷ್ಟು ಆಸೆಯಿತ್ತು. ಹದಿನೆಂಟು ದಿನ ಆ ವಾರ್ಡಿನಲ್ಲಿದ್ದೆ. ದಿನವೂ ರತ್ನ ಹೇಗಿದ್ದಾಳೆ ಎಂದು ಕೇಳುತ್ತಿದ್ದೆ, ದಿನವೂ ಅವರು "ಗಂಜಿ ಕುಡಿದ್ಲಂತೆ", "ಎದ್ದು ಓಡಾಡಿದ್ಲಂತೆ" ಎಂದು ಹೇಳುತ್ತಿದ್ದರು. ಒಂದು ಸಲ "ನಿನ್ನ ಕೇಳಿದ್ಲಂತೆ" ಎಂದರು. ಆ ಒಂದು ಮಾತಿಗಾಗಿ ಅವರನ್ನು ನಾನು ಬಹಳ ದಿನ ಕ್ಷಮಿಸಲಿಲ್ಲ.

ಮನೆಗೆ ಬಂದ ದಿನ ಅತ್ತೆ ಬಾಗಿಲಲ್ಲೇ ನನ್ನ ಕಾಲಿಗೆ ನೀರು ಹಾಕಿದರು. ಒಳಗೆ ಕರೆದುಕೊಂಡು ಹೋಗಿ ಕೂರಿಸಿ, ಬಿಸಿ ಹಾಲು ಕೊಟ್ಟು, ಹಾಲು ಪೂರ್ತಿ ಕುಡಿಸಿದ ಮೇಲೆ ಹೇಳಿದರು. ನಮ್ಮವರು ಚೀಟಿ ಹಿಡಿದು ಆಸ್ಪತ್ರೆ ಹುಡುಕಿಕೊಂಡು ಹೋಗುವಷ್ಟರಲ್ಲಿ ರತ್ನ ಹೋಗಿಬಿಟ್ಟಿದ್ದಳು. ಅಲ್ಲಿಯೂ ಉಬ್ಬಸಕ್ಕೆ ಔಷಧಿ ಕೊಟ್ಟಿದ್ದರಂತೆ.

"ಡಾಕ್ಟ್ರೇ ಹೇಳ್ಬೇಡಿ ಅಂದಿದ್ರು, ನಿನ್ನ ಎದೆ ತಡ್ಕೊಳ್ಳಲ್ಲ ಅಂತ. ಅವನನ್ನ ಬೈಬೇಡ" ಎಂದರು. ನಾನು ಅಳಬೇಕು ಎಂದುಕೊಂಡೆ. ಅಳಲು ದೊಡ್ಡ ಉಸಿರು ಬೇಕಾಗುತ್ತದೆ ಎಂದು ಅಂದು ತಿಳಿಯಿತು. ಎರಡು ಸಲ ಬಿಕ್ಕುವುದರೊಳಗೆ ಕೆಮ್ಮು ಹಿಡಿದುಕೊಂಡಿತು. ಅತ್ತೆ ಬೆನ್ನು ನೀವುತ್ತಾ ಕೂತರು. ಅವತ್ತಿನಿಂದ ಆ ಮುದುಕಿ ಎಷ್ಟೇ ಕೊಂಕು ಆಡಲಿ, ನಾನು ಎದುರು ಆಡುವುದನ್ನು ಅರ್ಧಕ್ಕೆ ಇಳಿಸಿದ್ದೇನೆ.

ಡಾಕ್ಟರು ಕಳಿಸುವಾಗ ಇನ್ನೊಂದು ಮಾತು ಹೇಳಿದ್ದರು. ಈ ಕಾಯಿಲೆ ವಾಸಿಯಾದ ಹಾಗೆ ಕಂಡು, ಕೆಲವರಿಗೆ ಮೂರು ನಾಲ್ಕು ವಾರದ ಮೇಲೆ ತಿರುಗಿ ಬರುತ್ತದಂತೆ. ಹೀಗೆ ಹೇಳಿ ಕಳಿಸಿದರೆ ಮನುಷ್ಯರು ಬದುಕುವುದು ಹೇಗೆ? ನಾನು ಗೋಡೆಯ ಮೇಲೆ ಸುಣ್ಣದ ಗೀಟು ಎಳೆಯುತ್ತಾ ದಿನ ಎಣಿಸಿದೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ಉದ್ದನೆಯ ಉಸಿರು ಎಳೆದು ನೋಡುವುದು, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ಮಗಳು ಪಕ್ಕದಲ್ಲಿ ಕೂತು ನನ್ನ ಹಾಗೆಯೇ ಎದೆ ಉಬ್ಬಿಸಿ ಆಟ ಆಡುತ್ತಿದ್ದಳು. ನಮ್ಮವರು ನೋಡಿಯೂ ನೋಡದವರ ಹಾಗೆ ಇರುತ್ತಿದ್ದರು. ಆದರೆ ನಾನು ಎಳೆದ ಉಸಿರು ಬಿಡುವ ತನಕ ಅವರೂ ಬಿಡುತ್ತಿರಲಿಲ್ಲ.

ನಾಲ್ಕನೇ ವಾರದಲ್ಲಿ ಅದು ಬಂದೇ ಬಂತು. ಮೊದಲು ಸಣ್ಣ ಜ್ವರ. ಎಲ್ಲರೂ ಶೀತ ಎಂದರು, ನನಗೂ ಶೀತ ಎಂದೇ ಅನ್ನಿಸಬೇಕು ಎಂಬ ಆಸೆ. ಹಿತ್ತಲಿನಿಂದ ನಡುಮನೆಗೆ ಬರುವುದರೊಳಗೆ ಗೋಡೆ ಹಿಡಿದು ನಿಂತೆ. ಈ ಸಲ ಯಾರನ್ನೂ ಕೇಳಲಿಲ್ಲ, ಕಾಯಲಿಲ್ಲ. ನಾನೇ ಚೀಲಕ್ಕೆ ಸೀರೆ ತುಂಬಿಕೊಂಡು "ನಡೀರಿ" ಎಂದೆ. ಕೋಲಾರದಲ್ಲಿ ಆ ದಿನ ಬೇರೆ ಯಾರೋ ಚಿಕ್ಕ ವಯಸ್ಸಿನ ಡಾಕ್ಟರು ಇದ್ದರು. ಅವರು ಬಾಯಿ ತೆರೆಯುವ ಮೊದಲೇ ಹೇಳಿದೆ: ಆಸಿಡ್, ಹೊಟ್ಟು, ಕೆಂಪು ಹೊಗೆ, ಇಷ್ಟು ದಿನದ ಹಿಂದೆ, ಜೊತೆಯಲ್ಲಿದ್ದವಳು ತೀರಿಕೊಂಡಳು. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ತಿಂಗಳುಗಟ್ಟಲೆ ಮಾತ್ರೆ ನುಂಗಿದೆ. ಮುಖ ಕುಂಬಳಕಾಯಿಯ ಹಾಗೆ ಊದಿಕೊಂಡಿತು. ಬದುಕಿದೆ.

ಕಾರ್ಖಾನೆಗೆ ಸರ್ಕಾರದ ಕಡೆಯವರು ಬಂದು ನೋಡಿ ಹೋದರಂತೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ ಎಲ್ಲವೂ ಬಂತು. ಬಕೆಟ್ಟಿಗೆ ಮರಳು, ಆಸಿಡ್ ಇಡುವ ಕಡೆ ಪೀಪಾಯಿ ತುಂಬ ಸುಣ್ಣದ ಪುಡಿ, ಹೊಟ್ಟಿನ ಮೂಟೆಗಳಿಗೆ ದೂರದಲ್ಲಿ ಬೇರೆ ಕೋಣೆ. ಸಿಲಿಂಡರು ತೆರೆಯುವುದನ್ನು ಎಲ್ಲರಿಗೂ ಹೇಳಿಕೊಟ್ಟರಂತೆ. ಸೂಪರ್‌ವೈಸರು ಕೆಲಸ ಬಿಟ್ಟು ಎಲ್ಲಿಗೋ ಹೋದ. ನನ್ನ ಮನೆಗೆ ಪೊಲೀಸರು ಬರಲೇ ಇಲ್ಲ. ನಾನು ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ. ನಮ್ಮೂರಿನಿಂದ ಯಾವ ಹುಡುಗಿ ಯಾವ ಕಾರ್ಖಾನೆಗೆ ಸೇರಿದರೂ ಬಾಗಿಲಲ್ಲಿ ನಿಲ್ಲಿಸಿಕೊಂಡು ಹೇಳುತ್ತೇನೆ: ಜಾಡಿಯಲ್ಲಿ ಏನಿದೆ ಎಂದು ಮೊದಲ ದಿನವೇ ಕೇಳು. ಹೊಗೆ ಎದ್ದರೆ ಪೆಟ್ಟಿಗೆ ಬಿಡು, ಗಾಳಿ ಬರುವ ಕಡೆಗೆ ಓಡು. ಬೆಲ್ಲ ಕೊಟ್ಟರೆ ತಿನ್ನು, ಆದರೆ ತಿಂದುಕೊಂಡು ಆಸ್ಪತ್ರೆಗೆ ಹೋಗು, ನಗುತ್ತಿರುವವರನ್ನೂ ಎಳೆದುಕೊಂಡು ಹೋಗು. ಅವರು ಹೂಂ ಹೂಂ ಎನ್ನುತ್ತಾರೆ. ಬಸ್ಸಿಗೆ ಹೊತ್ತಾಯಿತು ಎನ್ನುತ್ತಾರೆ.

ರತ್ನಳ ತಾಯಿ ನಮ್ಮ ಮನೆಗೆ ಬಂದದ್ದು ನಾನು ಮಾತ್ರೆ ನುಂಗುತ್ತಿದ್ದ ದಿನಗಳಲ್ಲೇ. ಒಂದು ಬೆಳಿಗ್ಗೆ ಅಂಗಳದಲ್ಲಿ ಬಿಸಿಲು ಕಾಯುತ್ತಾ ಕೂತಿದ್ದೆ. ಬೇಲಿಯ ಆಚೆ ನಿಂತಿದ್ದರು. ಬೈಯಲು ಬಂದಿದ್ದಾರೆ ಎಂದುಕೊಂಡೆ. ಬೈದರೆ ಕೇಳಿಸಿಕೊಳ್ಳಲು ಸಿದ್ಧಳಾಗಿದ್ದೆ. ಅವರು ಬಂದು ನನ್ನ ಎದುರು ನೆಲದ ಮೇಲೆ ಕೂತರು. ಅತ್ತೆ ಕೊಟ್ಟ ನೀರು ಮುಟ್ಟಲಿಲ್ಲ.

"ನಿನ್ನ ಒಂದು ಮಾತು ಕೇಳಿ ಹೋಗೋಣ ಅಂತ ಬಂದೆನಮ್ಮಾ. ಕೊನೇಲಿ ನನ್ ಬಿಡ್ಡ ಒಂದು ಮಾತೂ ಆಡ್ಲಿಲ್ಲ. ಬಾಯಿ ಬಾಯಿ ಬಿಡ್ತಿದ್ಲು. ನಿನಗೂ ಅದೇ ಬಂದಿತ್ತು, ನೀನು ವಾಪಸ್ ಬಂದಿದೀಯ. ನಿನ್ನ ಬಿಟ್ರೆ ಬೇರೆ ಯಾರಿಗೂ ಗೊತ್ತಿಲ್ಲ. ಹೇಳು ತಲ್ಲೀ, ಒಳಗೆ ಹೆಂಗಿರುತ್ತೆ?"

ನಿದ್ದೆ ಬಂದ ಹಾಗೆ ಇರುತ್ತದೆ ಎಂದು ಹೇಳಲು ನನ್ನ ನಾಲಿಗೆ ಸಿದ್ಧವಾಗಿತ್ತು. ಅದನ್ನು ಹಿಡಿದುಕೊಂಡೆ.

"ಭಯ ಆಗುತ್ತಮ್ಮಾ" ಎಂದೆ. "ತುಂಬಾ ಭಯ ಆಗುತ್ತೆ. ಬಾವಿಗೆ ಬಿದ್ದಂಗೆ. ಆದ್ರೆ ಎಲ್ಲಾ ಗೊತ್ತಾಗ್ತಾ ಇರುತ್ತೆ. ಪಕ್ಕದಲ್ಲಿ ಯಾರಿದಾರೆ, ಯಾರು ಕೈ ಹಿಡ್ಕೊಂಡಿದಾರೆ, ಏನು ಮಾತಾಡ್ತಿದಾರೆ, ಎಲ್ಲಾ. ನೀವಿದ್ದಿದ್ದು ಅವ್ಳಿಗೆ ಗೊತ್ತಿತ್ತು."

ಆಮೇಲೆ ನಿಲ್ಲಿಸಲು ಆಗಲಿಲ್ಲ. ಹೊಟ್ಟು ಎರಚಿದ್ದು ನಾನು ಎಂದೆ. ಆ ಸಂಜೆ ಡಾಕ್ಟರ ಮುಂದೆ ಒಲೆ ಹೊಗೆ ಎಂದು ಸುಳ್ಳು ಹೇಳಿದೆ ಎಂದೆ. ಆಗಲೇ ನಿಜ ಹೇಳಿದ್ದರೆ ನಮ್ಮವರು ಕಡೆಯ ಬಸ್ಸಿಗೇ ನಿಮ್ಮೂರಿಗೆ ಬರುತ್ತಿದ್ದರು, ನಿಮ್ಮ ಮಗಳು ಉಳಿಯುತ್ತಿದ್ದಳೋ ಏನೋ ಎಂದೆ. ಇಷ್ಟು ಹೇಳಲು ನನಗೆ ಐದಾರು ಸಲ ಉಸಿರು ತೆಗೆದುಕೊಳ್ಳಬೇಕಾಯಿತು. ಅವರು ಪ್ರತಿ ಸಲವೂ ಕಾದರು.

ಅವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು.

"ಆ ಸೂಪ್ರವೈಜ್ರು ಮಧ್ಯಾಹ್ನ ನಮ್ ರೂಮಿಗೂ ಬಂದಿದ್ದ. ಹಂಗೇ ಹೇಳ್ಬೇಕು, ಇಲ್ಲಾಂದ್ರೆ ಸರೋಜಮ್ಮನ್ನ ಜೈಲಿಗೆ ಹಾಕ್ತಾರೆ, ನಿನ್ ಮಗಳನ್ನೂ ಹಾಕ್ತಾರೆ ಅಂದ. ಆಸ್ಪತ್ರೇಲಿ ಡಾಕ್ಟ್ರು ಮೂರು ಸಲ ಕೇಳಿದ್ರು. ಮೂರು ಸಲಾನೂ ಒಲೆ ಹೊಗೆ ಅಂದೆ. ರತ್ನ ನನ್ ಕೈ ಹಿಡ್ಕೊಂಡು ತಲೆ ಆಡಿಸ್ತಾನೇ ಇದ್ಲು, ಅಲ್ಲ ಅಲ್ಲ ಅಂತ. ಸುಮ್ನಿರೇ ಅಂತ ನಾನೇ ಗದರಿಸ್ದೆ."

ಅವರು ಮುಖ ಎತ್ತಿದರು.

"ಎಲ್ಲಾ ಗೊತ್ತಾಗ್ತಾ ಇರುತ್ತೆ ಅಂದೆಯಲ್ಲಮ್ಮಾ ಈಗ. ಹಂಗಾದ್ರೆ ಅದೂ ಗೊತ್ತಾಯ್ತು ಅವ್ಳಿಗೆ."

ನಾನು ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತೆ. ಇಬ್ಬರೂ ಅತ್ತೆವು. ಅವರು ಜೋರಾಗಿ, ನಾನು ನನ್ನಿಂದ ಆದಷ್ಟು. ಹೊರಡುವಾಗ ಅವರು ಹೇಳಿದರು:

"ನೀನು ಓದಿರೋಳು. ಇದನ್ನೆಲ್ಲಾ ಬರಿ. ನಿಂದೊಂದೇ ಬರೀಬೇಡ, ನಂದೂ ಬರಿ. ಯಾರೋ ಒಬ್ಳು ತಾಯಿ ಅಂತ ಬರೀಬೇಡ, ಹೆಸರು ಹಾಕು. ಓದಿದೋರು ಬೈಲಿ. ಬೈದು, ಅವ್ರ ಮಕ್ಳು ಆಸ್ಪತ್ರೆಗೆ ಹೋದಾಗ ನಿಜ ಹೇಳ್ಲಿ."

ಅವರ ಹೆಸರು ವೆಂಕಟಲಕ್ಷ್ಮಮ್ಮ.